ಚಕಮಕಿ ಪಿಸ್ತೂಲು, ಉಪ್ಪುಗಾಳಿ ಮತ್ತು ಉಕ್ಕು

ಅಮೆರಿಕದ ಅಟ್ಲಾಂಟಿಕ್ ತೀರದಲ್ಲೂ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲೂ ಬೇಸಿಗೆ ಬಂತೆಂದರೆ ಕಡಲ್ಗಳ್ಳರ ಕಾಲವನ್ನು ಮರುನಟಿಸುವ ತಂಡಗಳು ಬಯಲಿಗಿಳಿಯುತ್ತವೆ. 1715ರಿಂದ 1725ರವರೆಗಿನ ಉಡುಪು, ಆ ಕಾಲದ ಮಾದರಿಯ ಪಿಸ್ತೂಲು, ಸೊಂಟದಲ್ಲಿ ಗಿಡ್ಡ ಕತ್ತಿ. ಜನ ಸೇರಿರುವಾಗ ಪಿಸ್ತೂಲಿನ ಕುದುರೆ, ಅಂದರೆ ಚಕಮಕಿ ಕಲ್ಲು ಕಚ್ಚಿದ ಸುತ್ತಿಗೆ, ಬಿದ್ದು ಬರೀ ‘ಟಕ್’ ಎಂದರೆ ಹೆಚ್ಚಿನವರು ಮೊದಲು ಅನುಮಾನಿಸುವುದು ಕಲ್ಲನ್ನು. ಒಂದು ಕಲ್ಲು ತೆಗೆದು ಇನ್ನೊಂದು ಹಾಕುತ್ತಾರೆ. ಅದೂ ಕಿಡಿ ಕೊಡದಿದ್ದರೆ ಮತ್ತೊಂದು. ಕಲ್ಲು ಹೊಸದಾಗಿ ಚೂಪಾಗಿದ್ದೂ ಕಿಡಿ ಹಾರದಿದ್ದರೆ ತೊಂದರೆ ಇರುವುದು ಅದು ಉಜ್ಜುವ ಉಕ್ಕಿನಲ್ಲಿ.

ಯಾಕೆಂದರೆ ಹಾರುವ ಕಿಡಿಯೇ ಉಕ್ಕಿನದು. ಇದನ್ನು ಕಣ್ಣಾರೆ ಕಂಡು ಬರೆದಿಟ್ಟವನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್. 1665ರಲ್ಲಿ ಪ್ರಕಟವಾದ ತನ್ನ ಸೂಕ್ಷ್ಮದರ್ಶಕದ ಅವಲೋಕನಗಳಲ್ಲಿ, ಬಿಳಿ ಕಾಗದದ ಮೇಲೆ ಕಿಡಿ ಹೊಡೆದು, ಬಿದ್ದ ಕಪ್ಪು ಚುಕ್ಕೆಗಳನ್ನು ಮಸೂರದಡಿ ಇಟ್ಟು ನೋಡಿದ್ದನ್ನು ಅವನು ವಿವರಿಸಿದ್ದಾನೆ. ಅವನಿಗೆ ಕಂಡಿದ್ದು ಹೊಳೆಯುವ ಪುಟ್ಟ ಲೋಹದ ಗುಂಡುಗಳು. ಚಕಮಕಿ ಕಲ್ಲಿನ ಅಂಚು ಉಕ್ಕಿನಿಂದ ಕೂದಲಿಗಿಂತ ತೆಳುವಾದ ಚೂರುಗಳನ್ನು ಹೆರೆಯುತ್ತದೆ. ಹೆರೆಯುವ ಬಲದಿಂದಲೇ ಚೂರು ಕಾಯುತ್ತದೆ. ಗಾತ್ರಕ್ಕೆ ಹೋಲಿಸಿದರೆ ಅದರ ಮೇಲ್ಮೈ ತುಂಬಾ ಹೆಚ್ಚು. ಹಾಗಾಗಿ ಗಾಳಿಯ ಆಮ್ಲಜನಕ ತಾಗಿದ ಕೂಡಲೇ ಕಬ್ಬಿಣ ಹೊತ್ತಿ ಉರಿದು, ಕರಗಿ, ಉಂಡೆಯಾಗುತ್ತದೆ. ಕಲ್ಲು ಇಲ್ಲಿ ಉಳಿ ಮಾತ್ರ, ಸೌದೆ ಉಕ್ಕು.

ಪಿಸ್ತೂಲಿನ ಬೀಗದಲ್ಲಿ, ಅಂದರೆ ಕಿಡಿ ಹೊಡೆಯುವ ಯಂತ್ರದಲ್ಲಿ, ಈ ಕೆಲಸ ಹಂಚಿಕೊಳ್ಳುವ ಭಾಗಗಳು ಕೆಲವೇ. ಕಲ್ಲನ್ನು ದವಡೆಯಲ್ಲಿ ಕಚ್ಚಿ ಹಿಡಿಯುವುದು ಕುದುರೆ. ಅದನ್ನು ಮುಂದಕ್ಕೆ ಎಸೆಯುವುದು ಒಳಗಿರುವ ಇಂಗ್ಲಿಷಿನ ‘ವಿ’ ಆಕಾರದ ಮುಖ್ಯ ಸ್ಪ್ರಿಂಗ್. ಎದುರಿಗೆ ನಿಂತಿರುವ ಉಕ್ಕಿನ ತಟ್ಟೆಗೆ ಈಗ ಎಲ್ಲರೂ ಫ್ರಿಜನ್ ಎನ್ನುತ್ತಾರೆ. ಅದರ ಬುಡ ರಂಜಕದ (ಮೊದಲು ಹೊತ್ತಿಕೊಳ್ಳುವ ಚಿಟಿಕೆ ಮದ್ದಿನ) ಬಟ್ಟಲಿಗೆ ಮುಚ್ಚಳವೂ ಹೌದು. ಕಲ್ಲು ತಟ್ಟೆಯನ್ನು ಹೆರೆಯುತ್ತಾ ಕೆಳಗಿಳಿಯುವಾಗ ತಟ್ಟೆ ಮುಂದಕ್ಕೆ ವಾಲಿ ಬಟ್ಟಲು ತೆರೆದುಕೊಳ್ಳುತ್ತದೆ, ಕಿಡಿ ರಂಜಕದ ಮೇಲೆ ಬೀಳುತ್ತದೆ, ಆ ಉರಿ ನಳಿಗೆಯ ಪಕ್ಕದ ಸಣ್ಣ ತೂತಿನ ಮೂಲಕ ಒಳಗಿನ ಮದ್ದನ್ನು ಮುಟ್ಟುತ್ತದೆ. ಎಲ್ಲವೂ ಸರಿಯಿದ್ದರೆ ಇಷ್ಟೆಲ್ಲ ನಡೆಯಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ.

ಫ್ರಿಜನ್‌ನ ಮುಖ ಗಟ್ಟಿಯಾಗಿರಬೇಕು, ಆದರೆ ಗಾಜಿನಷ್ಟು ಪೆಡಸಾಗಿರಬಾರದು. ಮುಖವನ್ನು ಬರಿಗಣ್ಣಿನಲ್ಲಿ ನೋಡಿದರೇ ಅರ್ಧ ರೋಗ ತಿಳಿಯುತ್ತದೆ. ಕಲ್ಲು ಆಳವಾದ ಗೀರು ಕೊರೆದು ಕಿಡಿ ಮಂದ ಕೆಂಪಾಗಿದ್ದರೆ ಉಕ್ಕು ಮೆತ್ತಗಿದೆ. ಚೂಪಾದ ಕಲ್ಲೂ ಗುರುತೇ ಬೀಳಿಸದೆ ಜಾರಿದರೆ ಉಕ್ಕು ವಿಪರೀತ ಗಟ್ಟಿ. ಹೊಸ ಅರವೊಂದರ ಮೂಲೆಯನ್ನು ಮುಖದ ಬದಿಯಲ್ಲಿ ಮೆಲ್ಲಗೆ ಎಳೆದು ನೋಡಿ: ಗಾಜಿನ ಮೇಲೆ ಎಳೆದ ಹಾಗೆ ಜಾರಬೇಕು, ಕಚ್ಚಿದರೆ ಹದ ಇಲ್ಲವೆಂದೇ ಅರ್ಥ.

ಅಗ್ಗದ ಮಾದರಿಗಳಲ್ಲಿ ಫ್ರಿಜನ್ ಕಡಿಮೆ ಇಂಗಾಲದ ಉಕ್ಕಿನದು; ಮೇಲಿನ ಪದರಕ್ಕೆ ಮಾತ್ರ ಇಂಗಾಲ ಉಣಿಸಿರುತ್ತಾರೆ. ಆ ಪದರ ತೀರಾ ತೆಳುವಾಗಿದ್ದರೆ ಮೊದಲ ಹಬ್ಬದಲ್ಲಿ ಸೊಗಸಾಗಿ ಕಿಡಿ ಕೊಟ್ಟ ಪಿಸ್ತೂಲು ಮುಂದಿನ ವರ್ಷ ಮೂಕವಾಗುತ್ತದೆ. ದುರಸ್ತಿಗೆ ಎರಡು ದಾರಿ. ಒಂದು, ಮತ್ತೆ ಇಂಗಾಲ ಉಣಿಸುವುದು: ಎಲುಬಿನ ಇದ್ದಲು ಮತ್ತು ಮರದ ಇದ್ದಲಿನ ಪುಡಿ ತುಂಬಿದ ಉಕ್ಕಿನ ಡಬ್ಬಿಯಲ್ಲಿ ಫ್ರಿಜನ್ ಹುಗಿದು, ಗಾಳಿ ಹೋಗದಂತೆ ಮಣ್ಣು ಮೆತ್ತಿ, 870ರಿಂದ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕೈದು ಗಂಟೆ ಕಾಯಿಸಿ ನೀರಿಗೆ ಬಿಡುವುದು. ಇಂಗಾಲ ಸುಮಾರು ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಒಳಗಿಳಿಯುತ್ತದೆ. ಬೇಗ ಮುಗಿಸಲು ಬಿಸಿ ಏರಿಸಿದರೆ ಉಕ್ಕಿನ ಕಣಗಳು ದಪ್ಪಗಾಗಿ ತಟ್ಟೆ ಸೀಳುತ್ತದೆ. ಇನ್ನೊಂದು, ಸವೆದ ಮುಖವನ್ನು ಅರೆದು, ಹೆಚ್ಚು ಇಂಗಾಲದ ಉಕ್ಕಿನ ತೆಳು ಹಾಳೆಯೊಂದನ್ನು ಅಂಗಾಲಿನ ಹಾಗೆ ಅದಕ್ಕೆ ಕೂರಿಸುವುದು. ಹಿಂದಿನ ಬಂದೂಕು ಕಮ್ಮಾರರೂ ಇದನ್ನೇ ಮಾಡುತ್ತಿದ್ದರು. ನಮ್ಮ ಮಟ್ಟಿಗೆ ಎರಡನೆಯದೇ ಹೆಚ್ಚು ಬಾಳಿಕೆಯದು.

ನೀರಿಗೆ ಬಿಟ್ಟು ತೆಗೆದ ಫ್ರಿಜನ್ ಹಾಗೇ ಜೋಡಿಸಬಾರದು. 190 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಉಜ್ಜಿದ ಮೈ ತಿಳಿ ಹುಲ್ಲಿನ ಬಣ್ಣಕ್ಕೆ ಬಂದಾಗ ಹದ ಸಾಕು. ಸ್ಪ್ರಿಂಗ್ ಒರಗುವ ಬುಡವನ್ನು ಮಾತ್ರ ಇನ್ನಷ್ಟು ಕಾಯಿಸಿ ನೀಲಿಗೆ ತರಬೇಕು, ಇಲ್ಲದಿದ್ದರೆ ಕುದುರೆಯ ಹೊಡೆತಕ್ಕೆ ಅಲ್ಲೇ ಮುರಿಯುತ್ತದೆ. ಇದೇ ಕಾರಣಕ್ಕೆ ಮುಖದ ಗೀರು ತೆಗೆಯಲು ಗ್ರೈಂಡರ್ ಹಿಡಿಯಬೇಡಿ. ಅರೆನಿಮಿಷದ ಬಿಸಿಗೆ ಮುಖ ನೀಲಿಯಾದರೆ ಅಷ್ಟೂ ಹದ ಹೋಯಿತು. ಎಣ್ಣೆಕಲ್ಲಿನಲ್ಲಿ ಕೈಯಿಂದ ಉಜ್ಜಿದರೆ ಸಾಕು.

ಕಲ್ಲಿನ ಸರದಿ ಇದಾದ ಮೇಲೆ. ಇಂಗ್ಲೆಂಡಿನ ಸಫೊಕ್ ಪ್ರಾಂತದ ಬ್ರ್ಯಾಂಡನ್ ಊರಿನ ಕರಿಕಲ್ಲು, ಫ್ರಾನ್ಸಿನ ಜೇನುಬಣ್ಣದ ಕಲ್ಲು ಎರಡೂ ಹೆಸರಾದವು. ಆದರೆ ಅಲಗಿನಂತೆ ಉದ್ದಕ್ಕೆ ಸೀಳಿ ಅದನ್ನು ಚೌಕವಾಗಿ ತುಂಡರಿಸಿದ ಬ್ರ್ಯಾಂಡನ್ ಕಲ್ಲುಗಳು ಬಳಕೆಗೆ ಬಂದದ್ದು ಕಡಲ್ಗಳ್ಳರ ಕಾಲ ಮುಗಿದ ಬಹಳ ವರ್ಷಗಳ ನಂತರ. 1718ರ ವೇಷಕ್ಕೆ ಒಪ್ಪುವುದು ಒಂದೇ ಏಟಿಗೆ ಎಬ್ಬಿಸಿದ, ಹಿಂಬದಿ ದಪ್ಪಗಿರುವ ಬೆಣೆಯಾಕಾರದ ಚಕ್ಕೆ. ಕಲ್ಲನ್ನು ಬರೀ ದವಡೆಯಲ್ಲಿ ಬಿಗಿದರೆ ಒಡೆಯುತ್ತದೆ. ಪಿಸ್ತೂಲಿನ ಕಲ್ಲಿಗೆ ತೆಳು ಚರ್ಮ ಸುತ್ತಬೇಕು. ಕುದುರೆಯನ್ನು ಅರ್ಧ ಎಳೆದ ಸ್ಥಿತಿಯಲ್ಲಿ ಕಲ್ಲಿನ ಅಂಚಿಗೂ ಮುಚ್ಚಿದ ಫ್ರಿಜನ್‌ಗೂ ನಡುವೆ ಒಂದೂವರೆ ಎರಡು ಮಿಲಿಮೀಟರ್ ಬಿಡುವಿರಲಿ. ಅಂಚು ಇಡೀ ಅಗಲಕ್ಕೆ ಒಮ್ಮೆಲೇ ತಾಗಬೇಕು, ಮತ್ತು ಮೊದಲ ಏಟು ಮುಖದ ಮೇಲಿನಿಂದ ಮೂರನೇ ಒಂದು ಭಾಗದಷ್ಟು ಕೆಳಗೆ ಬೀಳಬೇಕು. ಅದಕ್ಕಿಂತ ಕೆಳಗಾದರೆ ಹೆರೆಯಲು ದೂರ ಸಾಲದು, ಮೇಲಾದರೆ ಕಲ್ಲು ಮುಖಕ್ಕೆ ಗುದ್ದಿ ನಿಲ್ಲುತ್ತದೆ. ಮೊಂಡಾದ ಅಂಚನ್ನು ಹಿತ್ತಾಳೆ ಕಡ್ಡಿಯಿಂದ ಒತ್ತಿ ಚೂರು ಎಬ್ಬಿಸಿ ಚೂಪು ಮಾಡಬಹುದು. ಕನ್ನಡಕ ಹಾಕದೆ ಈ ಕೆಲಸಕ್ಕೆ ಕೂರಬಾರದು.

ಎರಡು ಮೂರು ಏಟಿಗೇ ಕಲ್ಲು ಪುಡಿಯಾಗುತ್ತಿದ್ದರೆ ಫ್ರಿಜನ್‌ನ ಸ್ಪ್ರಿಂಗ್ ನೋಡಿ. ಅದು ಬಿಗಿ ಜಾಸ್ತಿಯಾದರೆ ತಟ್ಟೆ ಸರಿಯದೆ ಕಲ್ಲೇ ಒಡೆಯುತ್ತದೆ. ಸಡಿಲವಾದರೆ ತಟ್ಟೆ ಮುಂದಕ್ಕೆ ಬಡಿದು ಪುಟಿದು ಬಂದು ಕಲ್ಲಿನ ಅಂಚನ್ನು ಮುರಿಯುತ್ತದೆ. ಕಲ್ಲಿನ ದೋಷವೆಂದು ಜನ ಎಣಿಸುವ ಎಷ್ಟೋ ಸಂಗತಿಗಳು ಈ ಪುಟ್ಟ ಸ್ಪ್ರಿಂಗಿನವು.

ರಂಜಕ ಉರಿದು ನಳಿಗೆ ಸಿಡಿಯದಿದ್ದರೆ ಕಾರಣ ಬೇರೆ: ತೂತು ಮಸಿ ಕಟ್ಟಿದೆ, ಇಲ್ಲವೇ ನಳಿಗೆಯೊಳಗಿನ ಮದ್ದು ತೇವವಾಗಿದೆ. ತೂತಿನ ಅಳತೆ ಸಾಮಾನ್ಯವಾಗಿ 1.6 ಮಿಲಿಮೀಟರ್, ಪ್ರತಿ ಸಲ ಕಡ್ಡಿ ಆಡಿಸಿ ತೆರೆದಿಡಬೇಕು. ರಂಜಕ ಕಾಲು ಗ್ರಾಂ ಸಾಕು, ಬಟ್ಟಲಿನ ಮೂರನೇ ಒಂದು ಭಾಗ. ಬಟ್ಟಲು ತುಂಬಿ ತೂತನ್ನೂ ಮುಚ್ಚಿಬಿಟ್ಟರೆ ಉರಿ ನೇರ ಜಿಗಿಯುವ ಬದಲು ಬತ್ತಿಯಂತೆ ಸುಡುತ್ತಾ ಸಾಗಿ ಸಿಡಿತ ತಡವಾಗುತ್ತದೆ. ಆ ತಡವೇ ಅಪಾಯ. ಸದ್ದು ಬರಲಿಲ್ಲವೆಂದು ಯಾರೂ ನಳಿಗೆಯತ್ತ ಬಗ್ಗಬಾರದು, ಪಿಸ್ತೂಲು ಕೆಳಗಿಳಿಸಬಾರದು. ಮೊದಲಿನ ದಿಕ್ಕಿಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಬೇಕು. ಪ್ರದರ್ಶನದಲ್ಲಿ ಗುಂಡು, ಕಾಗದದ ಬಿರಡೆ, ಗಜದ ಕಡ್ಡಿ ಯಾವುದೂ ನಳಿಗೆಯೊಳಗೆ ಹೋಗಬಾರದು. ಬರೀ ಮದ್ದಿನ ಮುಂದೆ ಸಿಕ್ಕಿದ ಕಾಗದದ ಉಂಡೆಯೂ ಹತ್ತಿರದಲ್ಲಿ ಮಾಂಸ ಹರಿಯಬಲ್ಲದು. ಮದ್ದಿನ ಕೊಂಬಿನಿಂದ ನೇರ ನಳಿಗೆಗೆ ಸುರಿಯುವುದನ್ನು ಯಾವ ಜವಾಬ್ದಾರಿಯುತ ತಂಡವೂ ಬಿಡುವುದಿಲ್ಲ: ಒಳಗೊಂದು ಕೆಂಡ ಉಳಿದಿದ್ದರೆ ಕೊಂಬೇ ಕೈಯಲ್ಲಿ ಸಿಡಿಯುತ್ತದೆ. ಅಳೆದು ಕಾಗದದಲ್ಲಿ ಕಟ್ಟಿದ ಪೊಟ್ಟಣ ಮಾತ್ರ, ಸುರಿದ ಮೇಲೆ ಕಾಗದ ನೆಲಕ್ಕೆ.

ಕರಿಮದ್ದು ಉರಿದಾಗ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗುವುದಿಲ್ಲ. ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್‌ಗಳ ಮಸಿಯಾಗಿ ನಳಿಗೆಗೆ ಮೆತ್ತುತ್ತದೆ. ಈ ಲವಣಗಳು ಗಾಳಿಯ ತೇವ ಹೀರಿ ಒದ್ದೆಯಾಗುತ್ತವೆ. ಮೋಡ ಕವಿದ ದಿನ ನಾಲ್ಕೈದು ಸಿಡಿತದಲ್ಲೇ ಬಟ್ಟಲಿನಲ್ಲಿ ಕರಿ ಕೆಸರು ನಿಲ್ಲುತ್ತದೆ. ಆದ್ದರಿಂದ ಪ್ರತಿ ಸಿಡಿತದ ನಂತರ ಬಟ್ಟಲು, ಕಲ್ಲಿನ ಅಂಚು, ಫ್ರಿಜನ್‌ನ ಮುಖ ಮೂರನ್ನೂ ಒಣಬಟ್ಟೆಯಿಂದ ಒರೆಸಬೇಕು. ಬೆರಳಿನಿಂದಲ್ಲ, ಬೆರಳ ಜಿಡ್ಡು ತಾಗಿದ ಮುಖ ಕಿಡಿ ಕೊಡಲು ತಡವರಿಸುತ್ತದೆ.

ಲವಣ ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಮಸಿಯ ಮೇಲೆ ಎಣ್ಣೆ ಬಳಿದು ಪೆಟ್ಟಿಗೆಗೆ ಹಾಕುವುದೆಂದರೆ ತುಕ್ಕನ್ನು ಒಳಗಿಟ್ಟು ಬೀಗ ಹಾಕಿದಂತೆ. ಅದೇ ಸಂಜೆ ಬೀಗ ಬಿಚ್ಚಿ, ನಳಿಗೆಯನ್ನು ಉಗುರುಬೆಚ್ಚನೆಯ ನೀರಿಗೆ ಎರಡು ಹನಿ ಪಾತ್ರೆ ಸೋಪು ಹಾಕಿ, ಬಟ್ಟೆ ಚೂರು ಬಿಳಿಯಾಗಿ ಬರುವವರೆಗೆ ತೊಳೆಯಿರಿ. ಕುದಿಯುವ ನೀರು ಬೇಡ. ಬಿಸಿ ಉಕ್ಕಿನ ಮೇಲೆ ನಿಮಿಷದಲ್ಲೇ ಕಿತ್ತಳೆ ತುಕ್ಕು ಏಳುತ್ತದೆ. ಒಣಗಿಸಿ ತೆಳುವಾಗಿ ಎಣ್ಣೆ ಸವರಿ. ಮರುದಿನ ಮತ್ತೊಂದು ಬಟ್ಟೆ ಚೂರು ಆಡಿಸಿ, ಕಂದು ಬಣ್ಣ ಬಂದರೆ ಇನ್ನೊಮ್ಮೆ ತೊಳೆಯಿರಿ. ಬೀಗ ಬಿಚ್ಚುವಾಗ ಮುಖ್ಯ ಸ್ಪ್ರಿಂಗನ್ನು ಇಕ್ಕಳದಿಂದ ಕೀಳದೆ ಅದಕ್ಕೆಂದೇ ಇರುವ ಹಿಡಿಕೆಯಲ್ಲಿ ಬಿಗಿಯಿರಿ, ಬೇಕಾದಕ್ಕಿಂತ ಒಂದು ಎಳೆಯೂ ಹೆಚ್ಚು ಅಲ್ಲ.

ಕಡಲ ಉಪ್ಪಿಗೂ ಇದೇ ನಿಯಮ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಶೇಕಡಾ ದಾಟಿದರೆ ಅಡುಗೆ ಉಪ್ಪಿನ ಹರಳು ತಾನಾಗಿ ನೀರೂರಿ ಕರಗುತ್ತದೆ. ಕಡಲಿನ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಅದಕ್ಕಿಂತ ಎಷ್ಟೋ ಒಣಗಾಳಿಯಲ್ಲೂ ತೇವ ಹಿಡಿಯುತ್ತದೆ. ಹಾಗಾಗಿ ಕರಾವಳಿಯಲ್ಲಿ ಬೆವರಿದ ಕೈ, ಉಪ್ಪುಗಾಳಿ ತಾಗಿದ ಉಕ್ಕು ಕಣ್ಣಿಗೆ ಒಣಗಿ ಕಂಡರೂ ಒದ್ದೆಯೇ. ಮೊದಲು ಸಿಹಿನೀರಿನ ಬಟ್ಟೆ, ಆಮೇಲೆ ಒಣಬಟ್ಟೆ, ಕೊನೆಗೆ ಎಣ್ಣೆ. 1697ರ ಸೆಪ್ಟೆಂಬರಿನಲ್ಲಿ ಕಡಲ್ಗಳ್ಳ ವಿಲಿಯಂ ಕಿಡ್‌ನ ‘ಅಡ್ವೆಂಚರ್ ಗ್ಯಾಲಿ’ ಹಡಗು ನೀರು, ಸೌದೆ ತುಂಬಿಕೊಳ್ಳಲು ನಮ್ಮ ಕಾರವಾರದ ದಡಕ್ಕೇ ಬಂದಿತ್ತು. ಮುಂಗಾರಿನ ಬಾಲದ ಆ ಗಾಳಿಯಲ್ಲಿ ಅವರ ಬೀಗಗಳ ಗತಿ ಏನಾಗಿರಬಹುದು ಎಂಬುದನ್ನು ಕರಾವಳಿಯಲ್ಲಿ ಕತ್ತಿ, ಕೊಡಲಿ ಇಟ್ಟುಕೊಂಡವರು ಯಾರೂ ಹೇಳಬಲ್ಲರು.

ಕತ್ತಿಯ ವಿಷಯ ಇದಕ್ಕಿಂತ ಸರಳ. ನಾವಿಕರ ಕೈಯಲ್ಲಿದ್ದದ್ದು ಹೆಚ್ಚಾಗಿ ಗಿಡ್ಡ ಅಲಗಿನ, ಒಂದೇ ಬಾಯಿಯ ಕತ್ತಿಗಳು. ಇಕ್ಕಟ್ಟಾದ ಹಡಗಿನಟ್ಟದ ಮೇಲೆ ಉದ್ದ ಕತ್ತಿ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ. ಕಾದಾಟದ ನಟನೆಗೆ ಬೇಕಾದದ್ದು 5160 ಅಥವಾ ಇಎನ್45 ದರ್ಜೆಯ ಸ್ಪ್ರಿಂಗ್ ಉಕ್ಕು, ರಾಕ್‌ವೆಲ್ ಸಿ ಮಾಪನದಲ್ಲಿ 45ರಿಂದ 50ರ ಗಡಸು, ಬಾಯಿ ಎರಡು ಮಿಲಿಮೀಟರ್ ದಪ್ಪ, ಮೊನೆ ಉರುಟು. ಗೋಡೆಗೆ ತೂಗುಹಾಕುವ ಸ್ಟೇನ್‌ಲೆಸ್ ಕತ್ತಿಗಳನ್ನು ಒಮ್ಮೆಯೂ ಬೀಸಬೇಡಿ. ಅವುಗಳ ಹಿಡಿಯೊಳಗಿರುವುದು ಅಲಗಿಗೆ ಬೆಸೆದ ತೆಳು ಕಡ್ಡಿ. ಅಲಗಿನ ಭುಜ ಚೌಕವಾಗಿ ತಿರುಗಿ ಹಿಡಿಯೊಳಗಿನ ಬಾಲವಾಗುವ ಮೂಲೆಯಲ್ಲಿ ಒತ್ತಡವೆಲ್ಲ ಒಟ್ಟಾಗುತ್ತದೆ, ಹೊರಗೆ ಕಾಣದ ಬಿರುಕು ಅಲ್ಲೇ ಬೆಳೆದು ಒಂದು ದಿನ ಅಲಗು ಪ್ರೇಕ್ಷಕರ ನಡುವೆ ಹಾರುತ್ತದೆ. ಒಳ್ಳೆಯ ಕತ್ತಿಯಲ್ಲಿ ಬಾಲ ಅಲಗಿನದೇ ಮುಂದುವರಿಕೆ, ಭುಜದ ಮೂಲೆ ದುಂಡಗೆ. ಪ್ರತಿ ಕಾದಾಟದ ನಂತರ ಬಾಯಿಯ ಮೇಲಿನ ಕಚ್ಚುಗಳನ್ನು ಅರದಿಂದ ತೆಗೆಯಬೇಕು, ಅರವನ್ನು ಉದ್ದಕ್ಕೇ ಎಳೆದು. ಅಡ್ಡ ಗೀರುಗಳೇ ಬಿರುಕಿಗೆ ಬೀಜ. ಚರ್ಮದ ಒರೆ ತೋರಿಸಲಿಕ್ಕೆ ಮಾತ್ರ. ಚರ್ಮ ಹದಮಾಡಿದ ಆಮ್ಲ ಮತ್ತು ತೇವ ಸೇರಿ ಅಲಗನ್ನು ತಿನ್ನುತ್ತವೆ, ಹಿತ್ತಾಳೆಗೆ ಹಸಿರು ಕಿಲುಬು ತರುತ್ತವೆ. ಮನೆಯಲ್ಲಿ ಒರೆ ಬೇರೆ, ಕತ್ತಿ ಬೇರೆ ಇರಲಿ.

ಕೊಳ್ಳುವಾಗ ಏನನ್ನು ನೋಡಬೇಕು? ತಲೆಬುರುಡೆ ಕೆತ್ತಿದ ಹಿತ್ತಾಳೆ ನಳಿಗೆಯ ಪಿಸ್ತೂಲು ಇಂದಿನ ಕಲ್ಪನೆ. ಫ್ರಿಜನ್ ಸ್ಪ್ರಿಂಗಿನ ಮೇಲೆ ಪುಟ್ಟ ಗಾಲಿ ಇದ್ದರೆ ಅದು ಹದಿನೆಂಟನೇ ಶತಮಾನದ ಕೊನೆಯ ಭಾಗದ ವಿನ್ಯಾಸ. ಕುದುರೆಯ ಹಿಂದೆ ಕೊಕ್ಕೆಯಿರುವ ಹಳೆಯ ಇಂಗ್ಲಿಷ್ ಬೀಗ 1718ಕ್ಕೆ ಸ್ವಲ್ಪ ಹಳತಾದರೂ ಹಡಗುಗಳಲ್ಲಿ ಒಪ್ಪುತ್ತದೆ. ಸಾಕ್ಷ್ಯಕ್ಕೆ ಸಮುದ್ರದ ತಳವೇ ಇದೆ: 1717ರ ಏಪ್ರಿಲ್ 26ರಂದು ಕೇಪ್ ಕಾಡ್ ಬಳಿ ಮುಳುಗಿ 1984ರಲ್ಲಿ ಸಿಕ್ಕಿದ ಕಡಲ್ಗಳ್ಳರ ಹಡಗು ‘ವಿಡಾ’, 1718ರಲ್ಲಿ ನೆಲಕಚ್ಚಿ 1996ರಲ್ಲಿ ನಾರ್ತ್ ಕ್ಯಾರೊಲಿನಾದ ಬೋಫೋರ್ಟ್ ಬಳಿ ಪತ್ತೆಯಾದ, ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್‌ನ ‘ಕ್ವೀನ್ ಆನ್ಸ್ ರಿವೆಂಜ್’. ವಿಡಾದಲ್ಲಿ ರೇಷ್ಮೆ ಪಟ್ಟಿ ಸುತ್ತಿದ ಪಿಸ್ತೂಲು ದೊರೆತಿದೆ. 1722ರಲ್ಲಿ ಸತ್ತ ಕಡಲ್ಗಳ್ಳ ಬಾರ್ಥೊಲೊಮ್ಯೂ ರಾಬರ್ಟ್ಸ್ ರೇಷ್ಮೆ ಪಟ್ಟಿಯಲ್ಲಿ ಎರಡು ಜೋಡಿ ಪಿಸ್ತೂಲು ಹೆಗಲಿಗೆ ಹಾಕಿಕೊಂಡಿದ್ದನೆಂಬ ಆ ಕಾಲದ ವರ್ಣನೆಗೆ ಇದು ಹೊಂದುತ್ತದೆ. ಒಂದು ಪಿಸ್ತೂಲಿಗೆ ಒಂದೇ ಗುಂಡು, ನೂಕುನುಗ್ಗಲಿನಲ್ಲಿ ಮತ್ತೆ ತುಂಬಲು ಬಿಡುವಿಲ್ಲ, ಆದ್ದರಿಂದ ಹೆಗಲಿಗೆ ನಾಲ್ಕು.

ಈ ತಂಡಗಳ ಕೈಯಲ್ಲಿರುವ ಅಗ್ಗದ ಮಾದರಿಗಳಲ್ಲಿ ಬಹಳಷ್ಟು ಉತ್ತರ ಭಾರತದಲ್ಲಿ ತಯಾರಾದವು. ಕತ್ತಿಗಳಿಗೆ ಡೆಹ್ರಾಡೂನ್ ಹೆಸರುವಾಸಿ. ಪಿಸ್ತೂಲುಗಳು ಕಿಡಿತೂತು ಕೊರೆಯದೆ, ಅಲಂಕಾರದ ವಸ್ತುವಾಗಿ ಹೊರದೇಶಕ್ಕೆ ಹೋಗುತ್ತವೆ. ಅಂಥದ್ದನ್ನು ಸಿಡಿಯುವಂತೆ ಮಾಡುವುದು ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ: ಕೊಳವೆಯ ಬೆಸುಗೆ, ಹಿಂಬದಿಯ ಮುಚ್ಚಳದ ಹುರಿ ಎರಡನ್ನೂ ಪರವಾನಗಿಯಿರುವ ಬಂದೂಕು ಕಮ್ಮಾರ ತಪಾಸಣೆ ಮಾಡಬೇಕು. ಭಾರತದಲ್ಲಂತೂ ಪರವಾನಗಿಯಿಲ್ಲದೆ ಇದಕ್ಕೆ ಕೈ ಹಾಕುವುದು 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಅಪರಾಧ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಆ ಕಾಯಿದೆಯ ಪರವಾನಗಿಯಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ತೊಳೆದು ಒರೆಸಿ, ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜಿಸುವ ಮನೆಗಳಲ್ಲಿ ಮೇಲೆ ಹೇಳಿದ ನೀರು-ಒಣಬಟ್ಟೆ-ಎಣ್ಣೆಯ ಕ್ರಮ ಹೊಸತೇನಲ್ಲ.

ನಿಜವಾದ ಹಳೆಯ ಪಿಸ್ತೂಲು ಸಿಕ್ಕರೆ ಅದನ್ನು ಸಿಡಿಸಬೇಡಿ, ಹೊಳೆಯುವ ಹಾಗೆ ಉಜ್ಜಲೂ ಬೇಡಿ. ಕಂದು ಪದರದ ಕೆಳಗೆ ತಯಾರಕನ ಮುದ್ರೆ ಉಳಿದಿರಬಹುದು. ಕಡಲಿನಿಂದ ಎತ್ತಿದ್ದಾದರೆ ಗಾಳಿಗೆ ಒಣಗಲು ಬಿಡದೆ ನೀರಿನಲ್ಲೇ ಇಟ್ಟು ಸಂರಕ್ಷಕರಿಗೆ ಒಪ್ಪಿಸಬೇಕು. ಒಳಗಿನ ಕ್ಲೋರೈಡ್ ಹೊರತೆಗೆಯದೆ ಒಣಗಿಸಿದ ಕಬ್ಬಿಣ ಪದರ ಪದರವಾಗಿ ಸಿಡಿದು ಉದುರುತ್ತದೆ. ಕ್ಷಾರದ ದ್ರಾವಣದಲ್ಲಿ ವಿದ್ಯುತ್ ಹಾಯಿಸಿ ಆ ಕ್ಲೋರೈಡನ್ನು ತೆಗೆಯಲು ತಿಂಗಳುಗಳು, ದೊಡ್ಡ ವಸ್ತುಗಳಿಗೆ ವರ್ಷಗಳೇ ಬೇಕಾಗುತ್ತವೆ.