ಒಂದೇ ಟಿಬಿ, 80 ಬಗೆಯ ಚೀಟಿ

ಸಾಮಾನ್ಯ ಟಿಬಿಗೆ ಏನು ಕೊಡಬೇಕು ಅನ್ನುವುದು ಗುಟ್ಟೇನಲ್ಲ. ಮೊದಲ 2 ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್. ಆಮೇಲೆ 4 ತಿಂಗಳು ಅದರಲ್ಲೇ ಎರಡೋ ಮೂರೋ. ಡೋಸ್ ಎಷ್ಟು ಅನ್ನುವುದು ರೋಗಿಯ ತೂಕದ ಮೇಲೆ. ಇಷ್ಟು ಸ್ಪಷ್ಟವಾಗಿದ್ದರೂ ಡಾಕ್ಟರಿಂದ ಡಾಕ್ಟರಿಗೆ ಚೀಟಿ ಯಾಕೆ ಬದಲಾಗುತ್ತದೆ?

ಈ ನಿಯಮ ಬಂದಿದ್ದೇ ಪೆಟ್ಟು ತಿಂದ ಮೇಲೆ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು. ಕೆಲವೇ ತಿಂಗಳಲ್ಲಿ ಎಷ್ಟೋ ಜನರಲ್ಲಿ ರೋಗಾಣು ಆ ಔಷಧಕ್ಕೆ ಬಗ್ಗದಾಯಿತು. ಹಾಗಾಗಿ ಔಷಧಗಳು ಜೊತೆಯಾಗೇ ಹೋಗಬೇಕು ಅಂತಾಯಿತು. 1952ರಲ್ಲಿ ಐಸೋನಿಯಾಜಿಡ್ ಬಂತು, ಮುಂದಿನ ದಶಕದಲ್ಲಿ ರಿಫಾಂಪಿಸಿನ್. ಒಂದೂವರೆ ವರ್ಷದ ಚಿಕಿತ್ಸೆ ಕ್ರಮೇಣ 6 ತಿಂಗಳಿಗಿಳಿಯಿತು.

ಅಲ್ಲಿಗೆ ಸಮಸ್ಯೆ ಮುಗಿಯಬೇಕಿತ್ತು, ಅಲ್ವಾ? 1991ರಲ್ಲಿ ಮುಂಬೈನ ಒಂದು ಅಧ್ಯಯನ ಹೊರಬಂತು. 100 ಖಾಸಗಿ ವೈದ್ಯರು ಟಿಬಿಗೆ 80 ಬಗೆಯ ಚಿಕಿತ್ಸೆ ಬರೆದಿದ್ದರು. ಸುಮಾರು 20 ವರ್ಷದ ನಂತರ ಅಲ್ಲೇ ಮತ್ತೆ ಕೇಳಿದಾಗ 106 ವೈದ್ಯರಿಂದ 63 ಬಗೆ ಬಂದವು. ಸರಿಯಾಗಿ ಬರೆದವರು 6 ಮಂದಿ. ಬಹಳ ಮಂದಿಯ ತಪ್ಪು ಔಷಧ ಕಡಿಮೆ ಕೊಟ್ಟದ್ದಲ್ಲ. ಇರಲಿ ಅಂತ ಜಾಸ್ತಿ ಔಷಧ, ಜಾಸ್ತಿ ತಿಂಗಳು ಬರೆದಿದ್ದರು. ರೋಗಿಯ ಮೇಲಿನ ಕಾಳಜಿಯೂ ಇದರಲ್ಲಿತ್ತು ಎಂದೇ ನನಗನ್ನಿಸುತ್ತದೆ. ಆದರೆ ಹೆಚ್ಚುವರಿ ಮಾತ್ರೆಯ ಭಾರ ಬೀಳುವುದು ರೋಗಿಯ ಲಿವರ್ ಮೇಲೆ, ಜೇಬಿನ ಮೇಲೆ. ಇನ್ನೊಂದು ತಪ್ಪು ಇದಕ್ಕಿಂತ ಅಪಾಯದ್ದು. ಗುಣ ಕಾಣದಿದ್ದಾಗ ಹಳೆಯ ಚೀಟಿಗೆ ಹೊಸದೊಂದು ಔಷಧ ಮಾತ್ರ ಸೇರಿಸುವುದು. ಹಳೆಯವು ಕೆಲಸ ಮಾಡುತ್ತಿಲ್ಲದಿದ್ದರೆ ಹೊಸದು ಒಂಟಿಯಾಗಿ ಹೋರಾಡುತ್ತದೆ. ಅಂದರೆ ಮತ್ತೆ 1940ರ ದಶಕವೇ.

ತಿಳಿವಳಿಕೆ ಕಮ್ಮಿ ಎಂದು ಸುಮ್ನೆ ಹೇಳಿಬಿಡಬಹುದು. 2015ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನ ಹಾಗೆ ಹೇಳಲು ಬಿಡುವುದಿಲ್ಲ. ರೋಗಿಗಳಂತೆ ನಟಿಸಲು ತರಬೇತಿ ಪಡೆದವರು ವೈದ್ಯರ ಬಳಿ ಹೋಗಿ ಟಿಬಿಯಂಥ ಕೆಮ್ಮು ಹೇಳಿಕೊಂಡರು. 250 ಭೇಟಿಗಳಲ್ಲಿ ಸರಿಯಾದ ಕ್ರಮ ಸಿಕ್ಕಿದ್ದು 21% ಸಲ ಮಾತ್ರ. ಕಾಲ್ಪನಿಕ ರೋಗಿಯ ವಿವರ ಕೊಟ್ಟು ಕೇಳಿದಾಗ ವೈದ್ಯರ ಉತ್ತರ ಇದಕ್ಕಿಂತ ಚೆನ್ನಾಗಿತ್ತು. ಗೊತ್ತಿದ್ದದ್ದು ರೋಗಿ ಎದುರು ಕೂತಾಗ ಕೈಗೆ ಬರಲಿಲ್ಲ. ಹೊರಗೆ ಸಾಲು ಕಾಯುತ್ತಿರುತ್ತದೆ. ಕಫ ಪರೀಕ್ಷೆ ಬರೆದರೆ ರೋಗಿ ವಾಪಸ್ ಬರುವ ಖಾತ್ರಿಯಿಲ್ಲ. ಸಿರಪ್, ಆ್ಯಂಟಿಬಯೋಟಿಕ್ ಬರೆಯುವುದು ಸುಲಭ.

ನಿಯಮವೂ ನಿಂತಲ್ಲಿ ನಿಲ್ಲಲಿಲ್ಲ. ವರ್ಷಗಟ್ಟಲೆ ವಾರಕ್ಕೆ ಮೂರು ಸಲ ಮಾತ್ರೆ ನುಂಗಿಸಿದ ಕಾರ್ಯಕ್ರಮಗಳಿಗೆ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದಿನವೂ ಕೊಡಿ ಎಂದಿತು. 2022ರಲ್ಲಿ ಕೆಲವರಿಗೆ 4 ತಿಂಗಳ ಚಿಕಿತ್ಸೆಯೂ ಸಾಕು ಎಂದಿತು. ವರ್ಷಕ್ಕೆ ಇಬ್ಬರೋ ಮೂವರೋ ಟಿಬಿ ರೋಗಿಗಳನ್ನು ನೋಡುವ ವೈದ್ಯರಿಗೆ ಈ ಬದಲಾವಣೆಯನ್ನು ಹೋಗಿ ಹೇಳುವ ಕೆಲಸ ಬಹಳ ಕಡೆ ಇನ್ನೂ ಯಾರ ಪಾಲಿಗೂ ಬಂದಿಲ್ಲ.