ಮರಗೆಣಸು: ತಕ್ಕಡಿಯ ತೂಕ ಬೇರೆ, ಬಾಣಲೆಯ ತೂಕ ಬೇರೆ

ಒಂದು ತಳಿ ಹೆಕ್ಟೇರಿಗೆ 30 ಟನ್ ಹಸಿ ಗೆಡ್ಡೆ ಕೊಡುತ್ತದೆ, ಇನ್ನೊಂದು 25 ಟನ್. ಮೊದಲನೆಯದರ ಒಣ ಅಂಶ (ನೀರು ಬಿಟ್ಟು ಉಳಿಯುವ ಭಾಗ) ಶೇ 25, ಎರಡನೆಯದರದು ಶೇ 35 ಆಗಿದ್ದರೆ ಲೆಕ್ಕವೇ ತಿರುಗಿಬೀಳುತ್ತದೆ: 7.5 ಟನ್ ಎದುರು 8.75 ಟನ್. ನೈಜೀರಿಯಾದಲ್ಲಿ ಗೆಡ್ಡೆಯನ್ನು ತುರಿದು, ಹುಳಿಬರಿಸಿ, ಹಿಂಡಿ, ಜರಡಿ ಹಿಡಿದು, ಹುರಿದು ‘ಗಾರಿ’ ಎಂಬ ರವೆ ಮಾಡುವವರಿಗೆ ಹೆಚ್ಚುವರಿ ನೀರೆಂದರೆ ಹೆಚ್ಚುವರಿ ದುಡಿಮೆ, ಹೆಚ್ಚುವರಿ ಸೌದೆ. ನಮಗೆ ಸಬ್ಬಕ್ಕಿ ಕಳಿಸುವ ಸೇಲಂ ಕಡೆಯ ಕಾರ್ಖಾನೆಗಳೂ ಗೆಡ್ಡೆಗೆ ದರ ಕಟ್ಟುವುದು ಪಿಷ್ಟದ ‘ಪಾಯಿಂಟ್’ ನೋಡಿಯೇ.

ಒಣ ಅಂಶ ಅಳೆಯಲು ಹೊಲದಲ್ಲೇ ಮಾಡಬಹುದಾದ ವಿಧಾನವಿದೆ. 3ರಿಂದ 5 ಕಿಲೋ ಗೆಡ್ಡೆಯನ್ನು ಮೊದಲು ಗಾಳಿಯಲ್ಲಿ ತೂಗಿ, ಆಮೇಲೆ ಜಾಲರಿ ಬುಟ್ಟಿಯಲ್ಲಿಟ್ಟು ನೀರಿನಲ್ಲಿ ಮುಳುಗಿಸಿ ತೂಗಬೇಕು. ಗಾಳಿಯ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿ, ಬಂದದ್ದನ್ನು 158.3ರಿಂದ ಗುಣಿಸಿ, 142 ಕಳೆದರೆ ಶೇಕಡಾವಾರು ಒಣ ಅಂಶ ಸಿಗುತ್ತದೆ. ಗಾಳಿಯಲ್ಲಿ 5 ಕಿಲೋ, ನೀರಿನಲ್ಲಿ 500 ಗ್ರಾಂ ತೂಗಿದ ಗೆಡ್ಡೆಗೆ ಇದು ಸುಮಾರು ಶೇ 34. ಎಡವುವುದು ಚಿಕ್ಕ ವಿಷಯಗಳಲ್ಲಿ: ಅಂಟಿದ ಮಣ್ಣು ಅಂಕಿಯನ್ನು ಏರಿಸುತ್ತದೆ, ಬುಟ್ಟಿಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ ಇಳಿಸುತ್ತದೆ, ನೀರಿನಲ್ಲಿ ಬರಿಬುಟ್ಟಿಯ ತೂಕ ಕಳೆಯಲು ಮರೆತುಹೋಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ಮೋಸ ಮಳೆಯದು. ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ಕೂಡಲೇ ಗಿಡ ಗೆಡ್ಡೆಯ ಪಿಷ್ಟ ಕರಗಿಸಿ ಎಲೆ ಚಿಗುರಿಸುತ್ತದೆ. ತಳಿ ಹೋಲಿಸುವ ಪ್ರಯೋಗದಲ್ಲಿ ಅರ್ಧ ತಾಕು ಮಳೆಗೆ ಮೊದಲು, ಅರ್ಧ ಮಳೆಯ ನಂತರ ಕಿತ್ತರೆ ಆ ಹೋಲಿಕೆಗೆ ಅರ್ಥವಿಲ್ಲ.

ಒಣ ಅಂಶ ಬಹುಮಟ್ಟಿಗೆ ಜೀನ್‌ಗಳ ಪರಿಣಾಮ ಕೂಡುತ್ತಾ ಹೋಗುವ ಗುಣ. ಆದ್ದರಿಂದ ತಂದೆತಾಯಿ ತಳಿ ನೋಡಿ ಮಕ್ಕಳನ್ನು ಅಂದಾಜಿಸಬಹುದು. ಡಿಎನ್ಎ ಆಧಾರಿತ ಆಯ್ಕೆಯೂ ಇಲ್ಲಿ ಚೆನ್ನಾಗಿ ಫಲಿಸುತ್ತದೆ. ಹಸಿ ಇಳುವರಿ ಹಾಗಲ್ಲ. ಅಲ್ಲಿ ಜೋಡಿಯ ಒಂದು ಜೀನ್ ಇನ್ನೊಂದನ್ನು ಅಡಗಿಸುವ ಪ್ರಾಬಲ್ಯದ ಪಾಲು ದೊಡ್ಡದು, ಮಣ್ಣು ಮಳೆಯ ಪಾಲು ಇನ್ನೂ ದೊಡ್ಡದು. ಜೊತೆಗೆ ಬೀಜದಿಂದ ಬಂದ ಒಂದು ಗಿಡದಿಂದ ನೆಡಲು ಸಿಗುವುದು ಕೆಲವೇ ಕಾಂಡದ ಕಡ್ಡಿ. ಮೊದಲ ಪರೀಕ್ಷೆಯಲ್ಲಿ ಒಂದು ತಳಿಗೆ ಒಂದೇ ಸಾಲು. ಪಕ್ಕದ ಸಾಲಿನದು ಎತ್ತರವಾಗಿ ಹಬ್ಬಿದರೆ ನೆರಳಲ್ಲಿದ್ದ ಒಳ್ಳೆಯ ತಳಿಯೂ ಸೋಲುತ್ತದೆ. ಈ ಹಂತದಲ್ಲಿ ಒಣ ಅಂಶ, ರೋಗ ನಿರೋಧಕತೆ ಮತ್ತು ಗಿಡದ ಒಟ್ಟು ತೂಕದಲ್ಲಿ ಗೆಡ್ಡೆಯ ಪಾಲು, ಇವನ್ನು ನಂಬಿ. ಟನ್ ಲೆಕ್ಕವನ್ನು ಹಲವು ಸ್ಥಳಗಳ ದೊಡ್ಡ ತಾಕುಗಳಿಗೆ ಬಿಡಿ.

ಹಳದಿ ಗೆಡ್ಡೆಯದು ಬೇರೆಯೇ ತೊಡಕು. ಆಫ್ರಿಕಾದ ತಳಿಗಳಲ್ಲಿ ಎ ಜೀವಸತ್ವದ ಮೂಲವಾದ ಕೆರೊಟಿನ್ ಏರಿದಂತೆ ಒಣ ಅಂಶ ಇಳಿಯುತ್ತದೆ. ಎರಡಕ್ಕೂ ಸಂಬಂಧಿಸಿದ ಭಾಗಗಳು ಒಂದನೇ ವರ್ಣತಂತುವಿನಲ್ಲಿ ಹತ್ತಿರದಲ್ಲೇ ಇವೆ. ದಕ್ಷಿಣ ಅಮೆರಿಕದ ತಳಿ ಸಂಗ್ರಹದಲ್ಲಿ ಈ ಎಳೆದಾಟ ಕಾಣುವುದಿಲ್ಲವಾದ್ದರಿಂದ ಹಳದಿಯಾದರೆ ಪಿಷ್ಟ ಇಳಿಯಲೇಬೇಕೆಂದೇನಿಲ್ಲ. ಅಲ್ಲಿಂದ ತಂದ ತಂದೆತಾಯಿ ಬಳಸಿ, ದೊಡ್ಡ ಸಂತತಿಯಲ್ಲಿ ಹುಡುಕಬೇಕು.

ಸಯನೈಡ್ ಹೆಚ್ಚಿರುವ ಕಹಿ ತಳಿ ಎಂದ ಮಾತ್ರಕ್ಕೆ ಗಾರಿಗೆ ಬೇಡವೆನ್ನುವುದು ಅವಸರದ ತೀರ್ಮಾನ. ತುರಿದಾಗ ಗೆಡ್ಡೆಯದೇ ಕಿಣ್ವ ಸಯನೈಡ್ ಸಂಯುಕ್ತವನ್ನು ಒಡೆಯುತ್ತದೆ, ಹಿಂಡುವಾಗ ಹುರಿಯುವಾಗ ವಿಷ ಹೊರಹೋಗುತ್ತದೆ. ಬೇಯಿಸಿ ತಿನ್ನುವ ತಳಿಗೆ ಮಾತ್ರ ಈ ರಿಯಾಯಿತಿ ಇಲ್ಲ.

ಒಣ ಅಂಶವೂ ಎಲ್ಲವನ್ನೂ ಹೇಳುವುದಿಲ್ಲ. ಬಿಡುಗಡೆಗೆ ಮುನ್ನ ಹೊಸ ತಳಿಯನ್ನೂ ಊರಿನ ತಳಿಯನ್ನೂ ಒಂದೇ ವಯಸ್ಸಿನಲ್ಲಿ ಕಿತ್ತು, ಸಮತೂಕದಲ್ಲಿ ಗಾರಿ ಮಾಡುವ ಹೆಂಗಸರ ಕೈಗೆ ಕೊಡಿ. ಸಿಪ್ಪೆ ತೆಗೆದ ಮೇಲೆ, ಹಿಂಡಿದ ಮೇಲೆ, ಜರಡಿ ಹಿಡಿದ ಮೇಲೆ, ಹುರಿದ ಮೇಲೆ ಬೇರೆ ಬೇರೆ ತೂಗಿ. ಸಿಪ್ಪೆಯಲ್ಲೇ ಹೆಚ್ಚು ಹೋದರೆ ಗೆಡ್ಡೆಯ ಆಕಾರ ಡೊಂಕಾಗಿದೆ ಇಲ್ಲವೇ ಸಿಪ್ಪೆ ದಪ್ಪಗಿದೆ. ಜರಡಿಯಲ್ಲಿ ಹೋದರೆ ನಾರು ಹೆಚ್ಚಿದೆ.