ಫ್ಯಾನಿನ ರೆಕ್ಕೆ ಹಿಡಿಯುವ ಪಾಠ

ಭಾನುವಾರ ಬೆಳಗ್ಗೆ ಹತ್ತಕ್ಕೆ ನನ್ನ ಆನ್‌ಲೈನ್ ಫೋಟೋಗ್ರಫಿ ಕ್ಲಾಸು. ಎಂಟು ಮಕ್ಕಳು, ಹದಿಮೂರರಿಂದ ಹದಿನೇಳರ ಒಳಗಿನವರು. ಪರದೆ ಮೇಲೆ ಎಂಟು ಕಪ್ಪು ಚೌಕ, ಒಂದರಲ್ಲೂ ಮುಖವಿಲ್ಲ. ಮೊದಮೊದಲು ‘ವಿಡಿಯೊ ಆನ್ ಮಾಡ್ರಪ್ಪಾ’ ಅಂತ ಗೋಗರೆಯುತ್ತಿದ್ದೆ. ಈಗ ಬಿಟ್ಟಿದ್ದೇನೆ. ಮೊಡವೆ ಏಳುವ ವಯಸ್ಸಿನಲ್ಲಿ ಏಳು ಜನ ಅಪರಿಚಿತರೆದುರು ಮುಖ ಇಟ್ಟುಕೊಂಡು ಕೂರು ಅನ್ನುವುದು ಸಣ್ಣ ಮಾತಲ್ಲ. ಅವರು ಏನು ನೋಡುತ್ತಿದ್ದಾರೆ ಅನ್ನುವುದು ಹೇಗೂ ಅವರು ಕಳಿಸುವ ಫೋಟೋದಲ್ಲಿ ಗೊತ್ತಾಗುತ್ತದೆ.

ಮೊದಲ ಬ್ಯಾಚಿನಲ್ಲಿ ನಾನು ಮಾಡಿದ ತಪ್ಪು ದೊಡ್ಡದು. ಕ್ಯಾಮೆರಾ ಇಟ್ಟುಕೊಂಡವರಿಗಾಗಿ ಮಾಡಿದ್ದ ಹಳೇ ಸ್ಲೈಡುಗಳನ್ನೇ ತಂದು ಎರಡು ಭಾನುವಾರ ಅಪರ್ಚರ್ ಬಗ್ಗೆ, ಅಂದರೆ ಲೆನ್ಸಿನಲ್ಲಿ ಬೆಳಕು ಒಳಬಿಡುವ ಕಿಂಡಿಯ ಬಗ್ಗೆ, ಕೊರೆದೆ. ಮಕ್ಕಳ ಕೈಯಲ್ಲಿದ್ದದ್ದು ಫೋನು. ಹೆಚ್ಚಿನ ಫೋನುಗಳಲ್ಲಿ ಲೆನ್ಸಿನ ಕಿಂಡಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಪೋರ್ಟ್ರೇಟ್ ಮೋಡ್‌ನಲ್ಲಿ ಹಿನ್ನೆಲೆ ಮಸುಕಾಗುವುದು ಬಹುಪಾಲು ಸಾಫ್ಟ್‌ವೇರಿನ ಕೈಚಳಕ. ಈಜು ಕಲಿಯಲು ಬಂದವರಿಗೆ ಕೆರೆಯ ನಕ್ಷೆ ತೋರಿಸಿ ಕಳಿಸಿದ ಹಾಗಾಯಿತು. ಮೂರನೇ ವಾರಕ್ಕೆ ಚೌಕಗಳು ಐದಕ್ಕೆ ಇಳಿದಿದ್ದವು.

ಈಗ ಮೊದಲ ದಿನದ ಮೊದಲ ಮಾತೇ ‘ತಲೆ ಎತ್ತಿ, ಮೇಲೆ ಫ್ಯಾನ್ ಇದೆಯಾ?’ ಎಂಬುದು.

ಫ್ಯಾನು ನಿಮಿಷಕ್ಕೆ 300 ಸುತ್ತು ತಿರುಗುತ್ತದೆ ಅಂತಿಟ್ಟುಕೊಳ್ಳೋಣ. ಸೆಕೆಂಡಿಗೆ 5 ಸುತ್ತು, ಅಂದರೆ 1800 ಡಿಗ್ರಿ. ಎಲ್ಲವನ್ನೂ ಕೈಯಾರೆ ಹೊಂದಿಸುವ ಪ್ರೋ ಮೋಡ್‌ನಲ್ಲಿ ಶಟರ್ ಅನ್ನು ಸೆಕೆಂಡಿನ 1/30 ಭಾಗಕ್ಕೆ ಇಟ್ಟರೆ, ಅದು ತೆರೆದು ಮುಚ್ಚುವಷ್ಟರಲ್ಲಿ ರೆಕ್ಕೆ 60 ಡಿಗ್ರಿ ಸರಿದಿರುತ್ತದೆ. ಮೂರು ರೆಕ್ಕೆಯ ಫ್ಯಾನಿನಲ್ಲಿ ಎರಡು ರೆಕ್ಕೆಗಳ ನಡುವಿನ ಜಾಗದಲ್ಲಿ ಅರ್ಧ ಅದು! ಫೋಟೋದಲ್ಲಿ ಕಾಣುವುದು ಬರೀ ಹೊಗೆ. 1/1000ಕ್ಕೆ ಇಟ್ಟರೆ ಸರಿಯುವುದು 1.8 ಡಿಗ್ರಿ. ಫ್ಯಾನು ನಿಂತೇಬಿಟ್ಟಿತು, ರೆಕ್ಕೆ ಅಂಚಿನ ಧೂಳೂ ಕಂಡಿತು. (ಆ ಧೂಳಿನಿಂದಾಗಿ ಒಂದೆರಡು ಮನೆಗಳಲ್ಲಿ ಅಮ್ಮಂದಿರು ನನ್ನ ಮೇಲೆ ಮುನಿಸಿಕೊಂಡಿದ್ದೂ ಉಂಟು.)

ಆದರೆ ಬೆಳಕು ಕಡಿಮೆಯಿರುವ ಮನೆಗಳಲ್ಲಿ ಚಿತ್ರ ಪೂರ್ತಿ ಕಪ್ಪು. ‘ಸರ್, ಏನೂ ಕಾಣಿಸ್ತಿಲ್ಲ’ ಅನ್ನುವ ದೂರು ಬಂದ ಮೇಲೆಯೇ ಐಎಸ್ಒ, ಅಂದರೆ ಬಂದ ಬೆಳಕನ್ನು ಫೋನು ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನುವುದರ ಪಾಠ. ಐಎಸ್ಒ ಏರಿಸುತ್ತಾರೆ, ಬೆಳಕು ಬರುತ್ತದೆ, ಜೊತೆಗೆ ಚಿತ್ರದ ತುಂಬಾ ರವೆ ಚೆಲ್ಲಿದಂಥ ಚುಕ್ಕಿ. ಅಷ್ಟರಲ್ಲಿ ಯಾರಾದರೊಬ್ಬರು ಹೆದರಿದ ದನಿಯಲ್ಲಿ ‘ಸರ್, ನನ್ನ ಫೋನ್ ಹಾಳಾಗಿದೆ, ಪಟ್ಟೆ ಪಟ್ಟೆ ಬರ್ತಿದೆ’ ಅನ್ನುತ್ತಾರೆ. ಫೋನ್ ಚೆನ್ನಾಗಿಯೇ ಇರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ. ಫೋನಿನ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದಾದ್ದರಿಂದ ಮಿಣುಕಿದ ಸಾಲು ಬೆಳ್ಳಗೆ, ಉಳಿದದ್ದು ಮಬ್ಬು. ಶಟರ್ 1/100 ಅಥವಾ 1/50ಕ್ಕೆ ಇಳಿಸಿದರೆ ಪಟ್ಟೆ ಮಾಯ.

ಸ್ಟುಡಿಯೊದಲ್ಲಾದರೆ ಎಲ್ಲರೂ ಒಂದೇ ಫ್ಯಾನು, ಒಂದೇ ಬೆಳಕಿಗೆ ಫೋಟೋ ಹೊಡೆಯುತ್ತಿದ್ದರು. ಇಲ್ಲಿ ಎಂಟು ಮನೆ, ಎಂಟು ಬಗೆ ಬೆಳಕು, ಎಂಟು ಬಗೆ ತಪ್ಪು. ಮಡಿಕೇರಿಯ ಹುಡುಗಿಯೊಬ್ಬಳು ‘ನಮ್ಮನೇಲಿ ಫ್ಯಾನೇ ಇಲ್ಲ’ ಅಂದಳು. ನಲ್ಲಿ ಬಿಡು ಅಂದೆ. 1/30ರಲ್ಲಿ ನೀರು ನೂಲಾಯಿತು, 1/1000ದಲ್ಲಿ ಮಣಿಸರವಾಯಿತು. ಐಫೋನ್ ಹಿಡಿದವನ ಪಾಡು ಮಾತ್ರ ಬೇಡ. ಅದರ ಸ್ವಂತ ಕ್ಯಾಮೆರಾ ಆಪ್‌ನಲ್ಲಿ ಶಟರ್ ವೇಗ ಇಡುವ ಸೌಕರ್ಯವೇ ಇಲ್ಲ, ಬೇರೆ ಆಪ್ ಹಾಕಿಕೊಳ್ಳಬೇಕು. ಎಲ್ಲರಿಗಿಂತ ದುಬಾರಿ ಫೋನಿನವನು ಎಲ್ಲರಿಗಿಂತ ತಡವಾಗಿ ಫ್ಯಾನ್ ನಿಲ್ಲಿಸಿದ.

ಹೋಂವರ್ಕನ್ನು ವಾಟ್ಸ್ಆಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ನಾನು ನೋಡುವುದೇ ಇಲ್ಲ. ಅದು ಚಿತ್ರವನ್ನು ಹಿಂಡಿ ಕಳಿಸುತ್ತದೆ, ಶಟರ್, ಐಎಸ್ಒ ಬರೆದಿಟ್ಟ ಮಾಹಿತಿಯೂ ಉದುರಿಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಎಲ್ಲವೂ ಉಳಿಯುತ್ತದೆ. ಎಲ್ಲವೂ ಅಂದರೆ ಮನೆ ಇರುವ ಜಾಗವೂ! ಅದಕ್ಕೇ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಿಸದೆ ಒಂದು ಚಿತ್ರವನ್ನೂ ತೆಗೆದುಕೊಳ್ಳುವುದಿಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪ ಜಿಗುಟು.

ಒಮ್ಮೆ ರಾತ್ರಿ ಚಿತ್ರ ನೋಡುತ್ತಾ ಒಬ್ಬಳಿಗೆ ‘ಬಣ್ಣ ಹಳದಿಗೆ ತಿರುಗಿದೆ, ವೈಟ್ ಬ್ಯಾಲೆನ್ಸ್ ನೋಡ್ಕೋ’ ಎಂದು ಬರೆದೆ. ಪಾಪ, ಮೂರು ಸಲ ತೆಗೆದು ಕಳಿಸಿದಳು. ಮೂರೂ ಹಳದಿ. ಬೆಳಗ್ಗೆ ನೋಡಿದರೆ ನನ್ನ ಲ್ಯಾಪ್‌ಟಾಪಿನಲ್ಲಿ, ರಾತ್ರಿ ಹೊತ್ತು ಪರದೆಯನ್ನೇ ಹಳದಿ ಮಾಡುವ ನೈಟ್ ಲೈಟ್ ಆನ್ ಆಗಿತ್ತು. ಕ್ಲಾಸಿನಲ್ಲೇ ಎಲ್ಲರೆದುರು ಕ್ಷಮೆ ಕೇಳಿದೆ.

‘ನಮ್ಮನೇಲಿ ಫೋಟೋ ತೆಗೆಯೋ ಅಂಥದ್ದು ಏನಿದೆ ಸರ್?’ ಎಂಬ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಬರುತ್ತದೆ. ಆಗ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಬಗ್ಗೆ ಹೇಳುತ್ತೇನೆ. ಸಾಮಾನ್ಯ ಜನರ ದಿನನಿತ್ಯದ ಬದುಕೇ ಅವರ ವಸ್ತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದಿದ್ದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನವಾದವು. ಹೇಳಿ ಮುಗಿಸಿದ ಮೇಲೂ ಅರ್ಧ ಮಕ್ಕಳು ಬೆಕ್ಕಿನ ಫೋಟೋವನ್ನೇ ಕಳಿಸುತ್ತಾರೆ. ಕಳಿಸಲಿ, ಬೆಕ್ಕೂ ಮನೆಯದೇ.

ಆರನೇ ವಾರ ಕೋಣೆಯನ್ನೇ ಕ್ಯಾಮೆರಾ ಮಾಡುತ್ತೇವೆ. ಬಿಸಿಲು ಚೆನ್ನಾಗಿರುವ ದಿನ ಕಿಟಕಿ, ಬಾಗಿಲ ಸಂದು ಎಲ್ಲವನ್ನೂ ರಟ್ಟು, ಕಂಬಳಿಗಳಿಂದ ಮುಚ್ಚಿ, ಕಿಟಕಿಯ ರಟ್ಟಿನಲ್ಲಿ ಒಂದು ಸೆಂಟಿಮೀಟರ್ ತೂತು ಕೊರೆಯುವುದು. ಎದುರಿಗೆ ಬಿಳಿ ಗೋಡೆ, ಇಲ್ಲದಿದ್ದರೆ ಅಜ್ಜನ ಪಂಚೆ. ಹೊರಗಿನ ನೋಟ ಆ ತೂತಿನ ಮೂಲಕ ಬಂದು ಅದರ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಕಣ್ಣು ಕತ್ತಲೆಗೆ ಒಗ್ಗಲು ಹತ್ತು ನಿಮಿಷ ಬೇಕು, ಅಷ್ಟು ಹೊತ್ತು ಲ್ಯಾಪ್‌ಟಾಪ್ ಪರದೆಯನ್ನೂ ಮುಚ್ಚಿಸುತ್ತೇನೆ, ಮಾತಷ್ಟೇ. ಹಂಪಿಯ ವಿರೂಪಾಕ್ಷ ದೇವಸ್ಥಾನದೊಳಗೆ ರಾಜಗೋಪುರದ ನೆರಳು ಗೋಡೆ ಮೇಲೆ ತಲೆಕೆಳಗಾಗಿ ಬೀಳುವುದು ಇದೇ ತತ್ವದಿಂದ. ಸ್ಕೂಲ್ ಟ್ರಿಪ್ಪಿನಲ್ಲಿ ಅದನ್ನು ನೋಡಿದವರು ಇದ್ದೇ ಇರುತ್ತಾರೆ. ಗೈಡ್ ತೋರಿಸಿದರು, ಇವರು ಸೆಲ್ಫಿ ತೆಗೆದುಕೊಂಡರು, ಮುಂದೆ ಹೋದರು.

ಕಳೆದ ಬ್ಯಾಚಿನಲ್ಲಿ ಹೀಗೆ ಕತ್ತಲಲ್ಲಿ ಕಾಯುತ್ತಿದ್ದಾಗ ಒಂದು ಮೈಕಿನಿಂದ ಅಜ್ಜಿಯ ದನಿ ಬಂತು: ‘ಅಯ್ಯೋ, ನಮ್ ತೆಂಗಿನಮರ ತಲೆಕೆಳಗಾಗೋಯ್ತಲ್ಲೇ!’ ಎಂಟೂ ಕಡೆ ನಗು. ಮರ ಮಬ್ಬಾಗಿದೆ ಎಂದು ಮೊಮ್ಮಗಳು ಕತ್ತರಿ ತಗೊಂಡು ತೂತನ್ನು ದೊಡ್ಡದು ಮಾಡಿದಳು. ‘ಸರ್, ಈಗ ಬೆಳಕು ಜಾಸ್ತಿ ಆಯ್ತು. ಆದ್ರೆ ಗರಿ ಬಿಡಿಬಿಡಿಯಾಗಿ ಕಾಣ್ತಿಲ್ಲ, ಎಲ್ಲಾ ಕಲಸಿಹೋಯ್ತು. ಯಾಕೆ?’

ಅಪರ್ಚರ್ ಅನ್ನುವ ಪದವನ್ನು ಆ ಬ್ಯಾಚಿಗೆ ನಾನು ಮೊದಲ ಸಲ ಹೇಳಿದ್ದು ಆಗ.